ಅರ್ಧ ಹೊಲಿದದ್ದನ್ನು ಓದುವ ಬಗೆ

ಕನ್ನಡದ ಪುಸ್ತಕ ವಿಮರ್ಶೆಗಳನ್ನು ಓದುವವರಿಗೆ 'ಕೌದಿ' ಎಂಬ ಮಾತು ಹೊಸದಲ್ಲ. ಹಲವು ಊರು, ಹಲವು ದನಿ, ಹಲವು ಕಾಲಗಳನ್ನು ಕೂಡಿಸಿ ಬರೆದ ಕಾದಂಬರಿ ಕೈಗೆ ಬಂದರೆ ಅದು ಕೌದಿಯಂತಿದೆ ಎಂದು ಹೇಳಿಬಿಡುತ್ತೇವೆ. ಹೊಗಳಿಕೆಯ ಮಾತೇ ಅದು, ತಪ್ಪೇನಿಲ್ಲ. ಆದರೆ ಈ ಹೊಗಳಿಕೆಯೊಳಗಿನ ಕೌದಿ ಯಾವಾಗಲೂ ಹೊಲಿದು ಮುಗಿದ ಕೌದಿ. ಅಂಚು ಕಟ್ಟಿ, ಒಗೆದು, ಮಡಚಿ ಇಟ್ಟದ್ದು. ಹೊಲಿಯುವವರ ಮನೆಯಲ್ಲಿ ಕಾಣುವ ಕೌದಿಯೇ ಬೇರೆ. ಅದು ಅರ್ಧ ಹೊಲಿಗೆಯಾಗಿ, ಒಂದು ಹಳೆಯ ಸೀರೆಯಲ್ಲಿ ಗಂಟು ಕಟ್ಟಿಸಿಕೊಂಡು, ಟ್ರಂಕಿನ ಮೇಲೋ ಮಂಚದ ಕೆಳಗೋ ವರ್ಷಗಟ್ಟಲೆ ಕೂತಿರುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಗಂಟು ಇರುತ್ತದೆ. ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಕೈಹಾಕುವ ಹೊಲಿಗೆಯವರನ್ನು ನಾನು ಕಂಡದ್ದು ಕಡಿಮೆ.

ಹಾಗಾದರೆ ಮುಗಿಯದ ಹೊಲಿಗೆಯನ್ನು ಸಾಹಿತ್ಯ ಹೇಗೆ ಓದಿದೆ? ಒಬ್ಬರು ಬಿಟ್ಟುಹೋದದ್ದನ್ನು ಇನ್ನೊಬ್ಬರು ಮುಗಿಸುವಾಗ ನಿಜಕ್ಕೂ ಏನಾಗುತ್ತದೆ? ಈ ಎರಡು ಪ್ರಶ್ನೆ ಇಟ್ಟುಕೊಂಡು ಕೆಲವು ಕೃತಿಗಳನ್ನು ಮತ್ತೆ ಓದಿದೆ. ಪ್ರಶ್ನೆ ಹುಟ್ಟಿದ್ದು ಮಾತ್ರ ಪುಸ್ತಕದಿಂದಲ್ಲ.

ಪುಣೆಗೆ ಬಂದು ನನಗೆ ಹನ್ನೊಂದು ವರ್ಷ. ಈಗ ನನ್ನ ಕೈಯಲ್ಲಿ ಒಟ್ಟಿಗೆ ನಾಲ್ಕು ಹೊಲಿಗೆಗಳಿವೆ. ಒಂದು, ತಮ್ಮನ ಮನೆಯಲ್ಲಿ ಹುಟ್ಟಲಿರುವ ಕೂಸಿಗೆ ಕುಂಚಿಗೆ. ಎರಡು, ಒಂದು ದುಪಟ್ಟಾದ ಮೇಲೆ ಕಸೂತಿಯ ತೇರು. ಮೂರು, ಆರು ಮೂಲೆಯ ಸಣ್ಣ ಸಣ್ಣ ಬಟ್ಟೆತುಂಡುಗಳನ್ನು ಕಾಗದದ ಮೇಲೆ ಮಡಚಿ ಕೂಡಿಸುತ್ತಿರುವ ಒಂದು ಹೊದಿಕೆ. ನಾಲ್ಕನೆಯದು ನಾನು ಶುರು ಮಾಡಿದ್ದಲ್ಲ. ಎರಡು ವರ್ಷದ ಹಿಂದೆ ತೀರಿಹೋದ ನನ್ನ ಸೋದರತ್ತೆ ಅರ್ಧಕ್ಕೆ ಬಿಟ್ಟ ಕೌದಿ. ಧಾರವಾಡದ ಹತ್ತಿರದ ಅವರ ಹಳ್ಳಿಯ ಮನೆಗೆ ಹೋದಾಗ ಅವರ ಸೊಸೆ ಗಂಟನ್ನು ನನ್ನ ಮುಂದಿಟ್ಟು, "ಅಕ್ಕಾರ, ನಮ್ಮ ಮನ್ಯಾಗ ಇದನ್ನ ಹೊಲಿಯವರು ಯಾರೂ ಇಲ್ಲ, ನೀವ ಒಯ್ರಿ" ಎಂದಳು.

ನಾಲ್ಕೂ ಅರ್ಧವಾಗಿದ್ದರೂ ನಾಲ್ಕರ ಅರ್ಧವೂ ಒಂದೇ ಬಗೆಯದಲ್ಲ. ಹೊಲಿಗೆಯ ಬಗ್ಗೆ ಬರೆಯುವವರು ಇದನ್ನು ಗಮನಿಸಿದ್ದು ಕಡಿಮೆ ಎಂದು ನನ್ನ ಅನಿಸಿಕೆ.

ಕಸೂತಿಯ ಗವಂತಿ ಹೊಲಿಗೆ ನೋಡಿ. ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಗೆರೆ ಎಳೆದುಕೊಂಡು ಹೋಗುತ್ತದೆ, ಬರುವಾಗ ಬಿಟ್ಟ ಜಾಗಗಳನ್ನು ತುಂಬಿಕೊಂಡು ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಹೀಗಾಗಿ ಬಟ್ಟೆಯ ಮೇಲೂ ಕೆಳಗೂ ಚಿತ್ತಾರ ಒಂದೇ ಥರ ಕಾಣುತ್ತದೆ. ಗಂಟು ಹಾಕುವಂತಿಲ್ಲ. ಪೆನ್ಸಿಲಿನಲ್ಲಿ ಬರೆದುಕೊಳ್ಳುವ ರೂಢಿಯೂ ಇಲ್ಲ, ಎಳೆ ಎಣಿಸಿಯೇ ಹೊಲಿಯಬೇಕು. ಮಧ್ಯದಲ್ಲಿ ನಿಲ್ಲಿಸಿದರೆ ಬಟ್ಟೆಯ ಮೇಲೆ ಉಳಿಯುವುದು ಚುಕ್ಕಿಗೆರೆಯಂಥ ಅರೆಚಿತ್ರ. ಮತ್ತೆ ಕೈಗೆತ್ತಿಕೊಂಡವರಿಗೆ ಸೂಜಿ ಯಾವ ಕಡೆಯಿಂದ ಬಂದಿತ್ತು, ಯಾವ ಕೊಂಬೆಗೆ ಹೋಗಿ ತಿರುಗಬೇಕಿತ್ತು ಎಂಬುದು ತಿಳಿಯಬೇಕು. ಇನ್ನೊಬ್ಬರ ಅರ್ಧ ಕಸೂತಿ ಮುಗಿಸುವುದು ಅದಕ್ಕೇ ಕಷ್ಟ. ದಾರಿ ಅವರ ತಲೆಯಲ್ಲಿತ್ತು.

ಕೌದಿ ಇದಕ್ಕೆ ವಿರುದ್ಧ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ತುಂಡುಗಳನ್ನಿಟ್ಟು, ಉದ್ದಕ್ಕೂ ಸಣ್ಣ ಓಡುಹೊಲಿಗೆ ಹಾಕುತ್ತಾ ಹೋಗುವುದು. ಸಾಲು ಎಲ್ಲಿ ನಿಂತಿದೆಯೋ ಅಲ್ಲಿಂದ ಯಾರು ಬೇಕಾದರೂ ಮುಂದುವರಿಸಬಹುದು. ನೆರೆಯವಳು ಮಾತಾಡಲು ಬಂದು ಕೂತವಳು ನಾಲ್ಕು ಸಾಲು ಹಾಕಿ ಹೋಗಬಹುದು. ಉತ್ತರ ಕರ್ನಾಟಕದಲ್ಲಿ ಮನೆಮನೆಗೆ ಬಂದು ಕೌದಿ ಹೊಲಿದುಕೊಡುವ ಹೆಂಗಸರಿಗೆ ಈ ಕೆಲಸ ಸಾಧ್ಯವಾಗುವುದೂ ಇದರಿಂದಲೇ. ಬೇರೆಯವರ ಬಟ್ಟೆ, ಬೇರೆಯವರ ಜೋಡಣೆ, ಆದರೂ ಸೂಜಿ ನಿಲ್ಲುವುದಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ 'ಕವಂದ್' ಇನ್ನೊಂದು ಬಗೆ. ಅವರು ಒಂದು ಮೂಲೆಯಿಂದ ಶುರುಮಾಡಿ ಅಂಚಿನ ಸುತ್ತ ತುಂಡುಗಳನ್ನು ಕೂಡಿಸುತ್ತಾ ನಡುವಿನ ಕಡೆ ಬರುತ್ತಾರೆ. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಅರ್ಧ ಹೊಲಿದ ಕವಂದ್‌ಗೆ ಅಂಚು ತಯಾರಾಗಿರುತ್ತದೆ, ಹೊಟ್ಟೆ ಖಾಲಿ ಇರುತ್ತದೆ. ಪೂರ್ತಿ ಮುಗಿದ ಮೇಲೂ ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ 'ಫೂಲ' ಬೀಳದಿದ್ದರೆ ಅದು ಬೆತ್ತಲೆ ಎಂದೇ ಅವರ ಲೆಕ್ಕ. 'ಮುಗಿಯಿತು' ಎಂದು ಯಾವಾಗ ಹೇಳಬೇಕು ಎಂಬುದನ್ನು ಒಂದೊಂದು ಹೊಲಿಗೆ ಒಂದೊಂದು ರೀತಿಯಲ್ಲಿ ತೀರ್ಮಾನಿಸುತ್ತದೆ.

ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ಸೂಸನ್ ಗ್ಲಾಸ್ಪೆಲ್ ಅವರ ಏಕಾಂಕ ನಾಟಕ 'ಟ್ರೈಫಲ್ಸ್' ಓದಬೇಕು. 1916ರಲ್ಲಿ ಅಮೆರಿಕದ ಪ್ರಾವಿನ್ಸ್‌ಟೌನ್‌ನಲ್ಲಿ ಮೊದಲು ಆಡಿದ ನಾಟಕ ಇದು. ಮರುವರ್ಷ ಇದನ್ನೇ ಅವರು 'ಎ ಜ್ಯೂರಿ ಆಫ್ ಹರ್ ಪಿಯರ್ಸ್' ಎಂಬ ಕತೆಯಾಗಿ ಬರೆದರು. 1900ರ ಕೊನೆಯಲ್ಲಿ ಅಯೋವಾದ ಜಾನ್ ಹೊಸಾಕ್ ಎಂಬ ರೈತ ಕೊಲೆಯಾಗಿ ಅವನ ಹೆಂಡತಿಯ ಮೇಲೆ ಆರೋಪ ಬಂದಾಗ ಗ್ಲಾಸ್ಪೆಲ್ ಪತ್ರಿಕೆಯ ವರದಿಗಾರ್ತಿಯಾಗಿ ಆ ಮೊಕದ್ದಮೆಯ ಬಗ್ಗೆ ಬರೆದಿದ್ದರು. ನಾಟಕದ ಬೇರು ಅಲ್ಲಿದೆ.

ರಂಗದ ಮೇಲೆ ಕಾಣುವುದು ಒಂದು ಅಡುಗೆಮನೆ. ತೊಳೆಯದ ಪಾತ್ರೆ, ಡಬ್ಬಿಯ ಹೊರಗೇ ಉಳಿದ ಬ್ರೆಡ್ಡು, ಅರ್ಧ ಒರೆಸಿದ ಮೇಜು. ಎಲ್ಲವೂ ನಡುವಿನಲ್ಲೇ ನಿಂತ ಕೆಲಸ. ಮನೆಯ ಯಜಮಾನ ಜಾನ್ ರೈಟ್‌ನ ಕುತ್ತಿಗೆಗೆ ಹಗ್ಗ ಬಿಗಿದು ಯಾರೋ ಕೊಂದಿದ್ದಾರೆ. ಹೆಂಡತಿ ಮಿನ್ನಿ ಜೈಲಿನಲ್ಲಿದ್ದಾಳೆ, ನಾಟಕದುದ್ದಕ್ಕೂ ರಂಗಕ್ಕೆ ಬರುವುದಿಲ್ಲ. ಸರಕಾರಿ ವಕೀಲ, ಶೆರಿಫ್ ಮತ್ತು ನೆರೆಯ ರೈತ ಸಾಕ್ಷ್ಯ ಹುಡುಕಲು ಬರುತ್ತಾರೆ. ಜೊತೆಗೆ ಇಬ್ಬರು ಹೆಂಗಸರು ಮಿನ್ನಿಗೆ ಬಟ್ಟೆಬರೆ ಒಯ್ಯಲು ಬಂದಿದ್ದಾರೆ. ಗಂಡಸರು ಮಹಡಿ, ಕೊಟ್ಟಿಗೆ ಎಂದು ತಿರುಗುತ್ತಾರೆ. ಅಡುಗೆಮನೆಯಲ್ಲಿ ಅವರಿಗೆ ಕಾಣುವುದು ಒಬ್ಬ ಸೋಮಾರಿ ಗೃಹಿಣಿಯ ಕೊಳಕು ಟವೆಲ್ಲು ಮಾತ್ರ.

ಹೆಂಗಸರಿಗೆ ಹೊಲಿಗೆಯ ಬುಟ್ಟಿ ಸಿಗುತ್ತದೆ. ಅದರಲ್ಲಿ 'ಲಾಗ್ ಕ್ಯಾಬಿನ್' ವಿನ್ಯಾಸದ ತುಂಡುಗಳು, ನಡುವೆ ಒಂದು ಚೌಕ, ಅದರ ಸುತ್ತ ಪಟ್ಟಿಗಳು. ಇನ್ನೂ ಒಂದಕ್ಕೊಂದು ಕೂಡಿಸಿ ಹೊದಿಕೆಯಾಗಿಲ್ಲ. ಇದನ್ನು ಅವಳು ಉದ್ದಕ್ಕೂ ಹೊಲಿಯುತ್ತಿದ್ದಳೋ ಅಥವಾ ಅಲ್ಲಲ್ಲಿ ಗಂಟು ಹಾಕಿ ಮುಗಿಸುತ್ತಿದ್ದಳೋ ಎಂದು ಅವರು ಮಾತಾಡಿಕೊಳ್ಳುತ್ತಾರೆ. ಅದೇ ಹೊತ್ತಿಗೆ ಬಂದ ಗಂಡಸರು ನಗುತ್ತಾರೆ. ಹೊಲಿಯುವವರಿಗೆ ಅದು ನಗುವ ಪ್ರಶ್ನೆಯಲ್ಲ. ಎರಡಕ್ಕೂ ತಿಂಗಳುಗಳ ವ್ಯತ್ಯಾಸವಿದೆ. ಆಮೇಲೆ ಅವರಿಗೆ ಒಂದು ತುಂಡು ಕಾಣುತ್ತದೆ. ಉಳಿದವೆಲ್ಲ ನೇರ, ಸಮ, ಇದೊಂದರ ಹೊಲಿಗೆ ಮಾತ್ರ ದಿಕ್ಕೆಟ್ಟು ಹೋಗಿದೆ. ಆ ಕೈ ನಡುಗಿದ್ದು ಯಾಕೆ ಎಂಬ ಪ್ರಶ್ನೆಯಿಂದಲೇ ಅವರು ಮುರಿದ ಪಂಜರಕ್ಕೆ, ಆಮೇಲೆ ಬುಟ್ಟಿಯ ಡಬ್ಬಿಯಲ್ಲಿ ರೇಷ್ಮೆಯಲ್ಲಿ ಸುತ್ತಿಟ್ಟ, ಕತ್ತು ಹಿಸುಕಿದ ಹಕ್ಕಿಗೆ ಬಂದು ಮುಟ್ಟುತ್ತಾರೆ. ಆ ಮದುವೆ ಹೇಗಿತ್ತೆಂದು ಅವರಿಗೆ ಅರ್ಥವಾಗುತ್ತದೆ. ಡಬ್ಬಿಯನ್ನು ಅಡಗಿಸಿಬಿಡುತ್ತಾರೆ.

ಈ ನಾಟಕ ಪಾಠವಾದಲ್ಲೆಲ್ಲ ಚರ್ಚೆ ನಿಲ್ಲುವುದು ಹಕ್ಕಿಯ ಹತ್ತಿರ. ನನ್ನನ್ನು ತಡೆದು ನಿಲ್ಲಿಸುವುದು ಹಕ್ಕಿ ಸಿಗುವ ಮುಂಚಿನ ಒಂದು ಸಣ್ಣ ಕೆಲಸ. ಮಿಸೆಸ್ ಹೇಲ್ ಆ ಕೆಟ್ಟ ಹೊಲಿಗೆಯನ್ನು ಬಿಚ್ಚಿ, ಸೂಜಿಗೆ ದಾರ ಪೋಣಿಸಿ, ಸರಿಯಾಗಿ ಹೊಲಿಯಲು ಶುರುಮಾಡುತ್ತಾಳೆ. ಕೆಟ್ಟ ಹೊಲಿಗೆ ನೋಡಿದರೆ ತನಗೆ ಕೈ ಸುಮ್ಮನಿರುವುದಿಲ್ಲ ಎನ್ನುವ ಧಾಟಿಯಲ್ಲಿ ಮಾತು ತೇಲಿಸುತ್ತಾಳೆ. ಒಬ್ಬಳ ಅರ್ಧ ಕೆಲಸಕ್ಕೆ ಇನ್ನೊಬ್ಬಳು ಕೈಜೋಡಿಸಿದ್ದು ಇದು, ಅದೇ ವೇಳೆಗೆ ಸಾಕ್ಷ್ಯ ಅಳಿಸಿದ್ದೂ ಹೌದು. ಮಿನ್ನಿಯ ಜೀವನದ ಅತ್ಯಂತ ಕೆಟ್ಟ ದಿನ ಬಟ್ಟೆಯ ಮೇಲೆ ಬರೆದಿಟ್ಟ ಒಂದೇ ದಾಖಲೆ ಆ ವಕ್ರ ಹೊಲಿಗೆ. ಪ್ರೀತಿಯಿಂದಲೇ ಅದನ್ನು ಬಿಚ್ಚಲಾಗುತ್ತದೆ. ಗ್ಲಾಸ್ಪೆಲ್ ಇದನ್ನು ಸರಿ ಎಂದೂ ತಪ್ಪು ಎಂದೂ ಹೇಳುವುದಿಲ್ಲ. ಮುಗಿಯದ ಹೊಲಿಗೆಯ ಬಗ್ಗೆ ನಾನು ಓದಿದ್ದರಲ್ಲಿ ಈ ನಾಟಕವನ್ನು ಎಲ್ಲಕ್ಕಿಂತ ಮೇಲೆ ಇಡುವುದು ಈ ಎರಡಲಗಿನ ಕೆಲಸಕ್ಕಾಗಿ.

ಮುಗಿಸುವುದೆಂದರೆ ಸ್ವಲ್ಪ ಅಳಿಸುವುದೂ ಹೌದು ಎಂಬುದಕ್ಕೆ ನನ್ನ ಆರು ಮೂಲೆಯ ಹೊದಿಕೆಯಲ್ಲೇ ಪುರಾವೆ ಇದೆ. ಈ ಪದ್ಧತಿಯಲ್ಲಿ ಪ್ರತಿ ತುಂಡಿನೊಳಗೆ ಒಂದು ಕಾಗದ ಇರುತ್ತದೆ. ಸುತ್ತಲಿನ ತುಂಡುಗಳೆಲ್ಲ ಕೂಡಿದ ಮೇಲೆ ಅದನ್ನು ಎಳೆದು ಬಿಸಾಡುತ್ತೇವೆ. ಇಂಗ್ಲೆಂಡಿನಲ್ಲಿ ಹಿಂದಿನ ಕಾಲದ ಹೆಂಗಸರು ಹಳೆಯ ಕಾಗದಪತ್ರ, ಲೆಕ್ಕದ ಪುಸ್ತಕ, ಮಕ್ಕಳ ಕಾಪಿಪುಸ್ತಕದ ಹಾಳೆಗಳನ್ನೇ ಇದಕ್ಕೆ ಕತ್ತರಿಸಿಕೊಳ್ಳುತ್ತಿದ್ದರು. ಮುಗಿದ ಹೊದಿಕೆಗಳಿಂದ ಅವೆಲ್ಲ ಹೋದವು. ಮುಗಿಯದವುಗಳಲ್ಲಿ ಕಾಗದ ಒಳಗೇ ಉಳಿದುಕೊಂಡಿದೆ. ಇವತ್ತು ಆ ಹೊಲಿಗೆ ಯಾವ ಕಾಲದ್ದು, ಎಂಥ ಮನೆಯದು ಎಂದು ಇತಿಹಾಸಕಾರರು ಹೇಳುವುದು ಆ ಹಾಳೆಗಳನ್ನು ಓದಿ. ಹೊದ್ದುಕೊಳ್ಳಲು ಬಾರದ ಹೊಲಿಗೆ ಓದಲು ಬಂತು.

ಇಲ್ಲಿ ನಮ್ಮ ಓದುಗರಲ್ಲಿ ಕೆಲವರು ತಕರಾರು ತೆಗೆಯುತ್ತಾರೆ ಎಂದು ಗೊತ್ತು. ನಮ್ಮಲ್ಲಿ ಬಹಳ ಮಂದಿ ಸಾಫ್ಟ್‌ವೇರ್ ಕಚೇರಿಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುವವರು. ಕೈಯಲ್ಲಿರುವ ಕೆಲಸಗಳ ಸಂಖ್ಯೆಗೆ ಮಿತಿ ಹಾಕಬೇಕು ಎಂಬುದು ಟೊಯೊಟಾದ ಕಾನ್‌ಬಾನ್‌ನಿಂದ ಹಿಡಿದು ನಮ್ಮ ದಿನದ ಮೀಟಿಂಗ್‌ವರೆಗೆ ಎಲ್ಲರೂ ಹೇಳುವ ಪಾಠ. ಅದಕ್ಕೆ ಗಣಿತವೂ ಇದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರದ ಪ್ರಕಾರ, ಕೈಯಲ್ಲಿ ಸರಾಸರಿ ನಾಲ್ಕು ಹೊಲಿಗೆ ಇದ್ದು ವರ್ಷಕ್ಕೆ ಒಂದು ಮುಗಿಯುತ್ತಿದ್ದರೆ, ಒಂದೊಂದೂ ಮುಗಿಯಲು ಸರಾಸರಿ ನಾಲ್ಕು ವರ್ಷ ಹಿಡಿಯುತ್ತದೆ. ವಿದೇಶದ ಹೊಲಿಗೆಯವರು ಇಂಥ ಬಾಕಿ ಕೆಲಸಕ್ಕೆ 'ಯುಎಫ್‌ಓ' ಎಂದು ತಮಾಷೆಯ ಹೆಸರಿಟ್ಟುಕೊಂಡಿದ್ದಾರೆ, 'ಅನ್‌ಫಿನಿಶ್ಡ್ ಆಬ್ಜೆಕ್ಟ್' ಎಂಬುದರ ಗಿಡ್ಡರೂಪ ಅದು. ತಮಾಷೆಯ ಕೆಳಗೆ ನಾಚಿಕೆಯೂ ಇದೆ.

ಸೂತ್ರ ಸರಿಯಾಗಿಯೇ ಇದೆ. ಅರ್ಧ ಕೌದಿ ಯಾರ ಚಳಿಯನ್ನೂ ಕಳೆಯುವುದಿಲ್ಲ ಎಂಬುದೂ ಸರಿ. ಮುಗಿಯದಿರುವುದನ್ನೇ ಒಂದು ಗುಣ ಎಂದು ಹಾಡಿ ಹೊಗಳುವ ಬರಹಗಳು ನನಗೆ ಇಷ್ಟವಾಗುವುದಿಲ್ಲ. ಕೂಸಿನ ಕುಂಚಿಗೆ ಹೆರಿಗೆಯ ಮುಂಚೆ ಮುಗಿಯಲೇಬೇಕು, ಕೂಸು ಬೆಳೆಯುವುದನ್ನು ಯಾರೂ ತಡೆಯಲಾರರು. ಅದಕ್ಕೇ ನಾಲ್ಕರಲ್ಲಿ ಅದಕ್ಕೆ ಮೊದಲ ಪಾಳಿ. ಆದರೆ ಸೂತ್ರ ಒಂದು ಸಂಗತಿಯನ್ನು ಕೇಳುವುದಿಲ್ಲ, ಕೆಲಸ ಮಾಡುವವಳ ಹೊತ್ತು ಹೇಗೆ ಬರುತ್ತದೆ ಎಂದು. ಒಂದೇ ತಾಸು ಎಂದರೂ ಎಲ್ಲ ತಾಸೂ ಒಂದೇ ಅಲ್ಲ. ಕಸೂತಿಗೆ ಹಗಲ ಬೆಳಕು, ಎಳೆ ಎಣಿಸುವ ನಿಶ್ಶಬ್ದ ಬೇಕು. ನನಗದು ಸಿಗುವುದು ಭಾನುವಾರ ಬೆಳಿಗ್ಗೆ ಮಾತ್ರ. ಆರು ಮೂಲೆಯ ತುಂಡುಗಳು ಒಂದು ಹಳೆಯ ಟಿಫಿನ್ ಡಬ್ಬಿಯಲ್ಲಿ ಹಿಡಿಯುತ್ತವೆ, ಕಚೇರಿಯ ಬಸ್ಸು ಟ್ರಾಫಿಕ್‌ನಲ್ಲಿ ನಿಂತಾಗ ಎರಡು ಆಗುತ್ತವೆ. ಕೌದಿಗೆ ನೆಲ ಬೇಕು. ಎರಡು ಕೋಣೆಯ ಮನೆಯಲ್ಲಿ ಎಲ್ಲರೂ ಊಟ ಮುಗಿಸಿ ಮೇಲೆದ್ದಾಗಷ್ಟೇ ಅದನ್ನು ಹಾಸಬಹುದು. ನಾಲ್ಕು ಕೆಲಸ ಒಟ್ಟಿಗೆ ನಡೆಯುವುದು ಚಂಚಲತೆಯಿಂದ ಎಂದು ಹೊರಗಿನಿಂದ ಕಾಣಬಹುದು. ತುಂಡುತುಂಡಾಗಿ ಸಿಗುವ ಹೊತ್ತಿಗೆ ತಕ್ಕ ತುಂಡು ಕೆಲಸ ಹುಡುಕಿಕೊಂಡದ್ದು ಅದು. ಮಿನ್ನಿಯ ಅರ್ಧ ಒರೆಸಿದ ಮೇಜನ್ನು ವಕೀಲ ಓದಲಾರದ್ದೂ ಇದಕ್ಕೇ. ಕೆಲಸ ಎಲ್ಲಿ ನಿಂತಿದೆ ಎಂಬುದನ್ನಷ್ಟೇ ಅವನು ನೋಡಿದ, ಯಾಕೆ ನಿಂತಿತು ಎಂದು ನೋಡಲಿಲ್ಲ.

ಈಗ ಎರಡನೆಯ ಪ್ರಶ್ನೆ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಮುಗಿಸುವುದು.

ಬಂಗಾಳಿಯ ಜಸೀಮುದ್ದೀನ್ 1929ರಲ್ಲಿ ಪ್ರಕಟಿಸಿದ 'ನಕ್ಷಿ ಕಾಂಥಾರ್ ಮಾಠ್' ಕಥನಕವನದಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಗಂಡ ರೂಪಾಯಿ ಊರು ಬಿಟ್ಟು ಹೋದ ಮೇಲೆ ಸಾಜು ತನ್ನ ಬದುಕಿನ ಕತೆಯನ್ನೆಲ್ಲ ಕಾಂಥಾದ ಮೇಲೆ ಹೊಲಿಯುತ್ತಾಳೆ, ಸತ್ತ ಮೇಲೆ ಅದನ್ನು ತನ್ನ ಗೋರಿಯ ಮೇಲೆ ಹಾಸಬೇಕೆಂದು ಕೇಳಿಕೊಳ್ಳುತ್ತಾಳೆ. ಕವನದ ದುಃಖ ನಿಜವಾದದ್ದು. ಆದರೂ ಬಟ್ಟೆ ಮುಗಿಯುವುದಕ್ಕೂ ಬದುಕು ಮುಗಿಯುವುದಕ್ಕೂ ಇಷ್ಟು ಸರಿಯಾಗಿ ತಾಳೆ ಬೀಳುವುದು ಕವಿಯ ಅನುಕೂಲ. ನಾನು ಕಂಡ ಮನೆಗಳಲ್ಲಿ ಸೂಜಿ ಬಟ್ಟೆಯಲ್ಲೇ ಚುಚ್ಚಿಕೊಂಡಿರುವಾಗ ಜನ ಹೋಗಿಬಿಡುತ್ತಾರೆ.

ಆಲಿಸ್ ವಾಕರ್ ಅವರ 1973ರ ಕತೆ 'ಎವ್ರಿಡೇ ಯೂಸ್' ನೆಲಕ್ಕೆ ಇನ್ನೂ ಹತ್ತಿರ. ಪಟ್ಟಣದಲ್ಲಿ ಓದಿ ಬಂದ ಮಗಳು ಡೀಗೆ ಅಜ್ಜಿಯ ಹೊದಿಕೆಗಳು ಗೋಡೆಗೆ ತೂಗುಹಾಕಲು ಬೇಕು. ಊರಲ್ಲೇ ಉಳಿದ ತಂಗಿ ಮ್ಯಾಗಿಗೆ ಕೊಟ್ಟರೆ ದಿನಾ ಹೊದ್ದು ಹಾಳು ಮಾಡುತ್ತಾಳೆ ಎಂದು ಡೀ ವಾದಿಸುತ್ತಾಳೆ. ತಾಯಿ ಹೊದಿಕೆಗಳನ್ನು ಕಸಿದು ಮ್ಯಾಗಿಗೆ ಕೊಡುತ್ತಾಳೆ. ನಮ್ಮಂಥ ವಲಸಿಗರಿಗೆ ಈ ಕತೆ ಚುಚ್ಚುತ್ತದೆ, ಊರಿನ ಸಾಮಾನುಗಳನ್ನು ತಂದು ಫ್ಲ್ಯಾಟಿನ ಗೋಡೆಗೆ ಏರಿಸುವವರು ನಾವೇ ತಾನೆ. ಚರ್ಚೆಯೆಲ್ಲ 'ಗೋಡೆಯೋ ಹಾಸಿಗೆಯೋ' ಎಂಬುದರ ಸುತ್ತ ನಡೆಯುವುದರಿಂದ ಕತೆಯ ಒಂದು ಸಣ್ಣ ವಿವರ ಕಣ್ತಪ್ಪುತ್ತದೆ. ಆ ಹೊದಿಕೆಗಳ ತುಂಡುಗಳನ್ನು ಕೂಡಿಸಿದವಳು ಅಜ್ಜಿ, ಆಮೇಲೆ ಚೌಕಟ್ಟಿಗೆ ಕಟ್ಟಿ ಪದರಗಳನ್ನು ಸೇರಿಸಿ ಹೊಲಿದವರು ತಾಯಿ ಮತ್ತು ಅವಳ ಅಕ್ಕತಂಗಿ. ಅಂದರೆ ಡೀ ಅಪ್ಪಿಕೊಳ್ಳುವ 'ಅಜ್ಜಿಯ ಕೈಕೆಲಸ' ಎರಡು ತಲೆಮಾರಿನ ಕೆಲಸ, ಒಬ್ಬರ ಅರ್ಧವನ್ನು ಇನ್ನೊಬ್ಬರು ಎತ್ತಿಕೊಂಡದ್ದು. ಮ್ಯಾಗಿಗೆ ಹೊಲಿಯಲು ಬರುತ್ತದೆ ಎಂಬ ಮಾತಿಗೆ ಕತೆಯಲ್ಲಿ ತೂಕ ಬರುವುದು ಇಲ್ಲಿಂದ. ಡೀಗೆ ವಸ್ತು ಸಿಕ್ಕಿದರೆ ಸಾಕು, ಮ್ಯಾಗಿಗೆ ಕೆಲಸವೇ ಸಿಕ್ಕಿದೆ.

ನಮ್ಮ ಸಾಹಿತ್ಯದಲ್ಲಿ ಇದಕ್ಕೊಂದು ದೊಡ್ಡ ಉದಾಹರಣೆ ಇದೆ, ಬಟ್ಟೆಯದಲ್ಲ, ಮಾತಿನದು. ನಾಗವರ್ಮನ ಚಂಪುವಿನ ಮೂಲಕ ಕನ್ನಡಕ್ಕೆ ಬಂದ 'ಕಾದಂಬರಿ'ಯನ್ನು ಸಂಸ್ಕೃತದಲ್ಲಿ ಬಾಣ ಅರ್ಧಕ್ಕೇ ಬಿಟ್ಟು ಹೋದ. ಮುಗಿಸಿದವನು ಅವನ ಮಗ. ಕತೆ ಅರ್ಧಕ್ಕೆ ನಿಂತಿತೆಂದು ಸಜ್ಜನರು ನೊಂದದ್ದನ್ನು ಕಂಡು ಕೈಹಾಕಿದೆ, ಕವಿತ್ವದ ಗರ್ವದಿಂದಲ್ಲ ಎಂಬ ಅರ್ಥದ ಮಾತನ್ನು ಅವನು ತನ್ನ ಭಾಗದ ಮೊದಲಲ್ಲೇ ಹೇಳಿಕೊಂಡಿದ್ದಾನೆ. ಪರಂಪರೆಯೂ ಆ ಕೂಡುಜಾಗವನ್ನು ಮುಚ್ಚಲಿಲ್ಲ. ಪೂರ್ವಭಾಗ, ಉತ್ತರಭಾಗ ಎಂದು ಇವತ್ತಿಗೂ ಹೆಸರಿಟ್ಟೇ ಓದುತ್ತೇವೆ. ತಂದೆಯ ಗದ್ಯದ ಸೊಗಸು ಮಗನಲ್ಲಿ ಇಲ್ಲ ಎನ್ನುವವರಿದ್ದಾರೆ. ಇರಲಿ. ತನ್ನ ದಾರ ಎಲ್ಲಿಂದ ಶುರುವಾಯಿತು ಎಂದು ಅವನು ಮುಚ್ಚಿಡಲಿಲ್ಲ, ನನಗೆ ಮುಖ್ಯವಾದದ್ದು ಅದು.

ಮಿಸೆಸ್ ಹೇಲ್ ಮಾಡಿದ್ದು ಒಂದು ದಾರಿ, ಬಾಣನ ಮಗ ಮಾಡಿದ್ದು ಇನ್ನೊಂದು. ಅತ್ತೆಯ ಕೌದಿ ಮುಂದೆ ಹಾಸಿಕೊಂಡಾಗ ಇದು ಬರೀ ಸಾಹಿತ್ಯದ ಚರ್ಚೆಯಾಗಿ ಉಳಿಯುವುದಿಲ್ಲ. ಅದರಲ್ಲಿ ಅವರ ಇಳಕಲ್ ಸೀರೆಗಳಿವೆ, ಮಾಮನ ಧೋತರವಿದೆ, ಮೊಮ್ಮಗನ ಶಾಲೆಯ ಅಂಗಿಯ ತೋಳಿದೆ. ಮೊದಲ ಸಾಲುಗಳ ಹೊಲಿಗೆ ಅಕ್ಕಿಕಾಳಿನಷ್ಟು ಸಣ್ಣದು. ಮುಂದೆ ಮುಂದೆ ಬಂದ ಹಾಗೆ ಹೊಲಿಗೆ ಉದ್ದವಾಗುತ್ತದೆ, ಸಾಲು ವಾಲುತ್ತದೆ. ಕೊನೆಯ ಎರಡು ಸಾಲು ಒಂದರ ಮೇಲೊಂದು ಹತ್ತಿಬಿಟ್ಟಿವೆ. ಕಣ್ಣು ಮಂಜಾದದ್ದನ್ನು ಅವರು ಯಾರಿಗೂ ಹೇಳಿರಲಿಲ್ಲವಂತೆ. ಫೋನಿನಲ್ಲಿ ಕೇಳಿದರೆ "ಆಗ್ತೈತಿ ತಂಗಿ, ಕೈ ಬಿಡುವಾದಾಗ ಹೊಲಿತೀನಿ" ಎನ್ನುತ್ತಿದ್ದರು. ಬಟ್ಟೆ ಮಾತ್ರ ಹೇಳಿದೆ.

ಇಲ್ಲಿನ ಪರಿಚಿತರೊಬ್ಬರು, ಗೋಧಡಿ ಹೊಲಿಯುವ ಮರಾಠಿ ಹೆಣ್ಣುಮಗಳು, ಕೌದಿ ನೋಡಿ ಆ ವಾಲಿದ ಸಾಲುಗಳನ್ನು ಬಿಚ್ಚಿ ಮತ್ತೆ ಹೊಲಿದರೆ ಗಟ್ಟಿಯಾಗುತ್ತದೆ ಎಂದರು. ಕಸುಬಿನ ಲೆಕ್ಕದಲ್ಲಿ ಅವರ ಮಾತು ನೂರಕ್ಕೆ ನೂರು ಸರಿ. ಉದ್ದ ಹೊಲಿಗೆ ಒಗೆಯುವಾಗ ಸಿಕ್ಕಿಕೊಂಡು ಕಿತ್ತುಹೋಗುತ್ತದೆ. ನಾನು ಬಿಚ್ಚಲಿಲ್ಲ. ಆ ಸಾಲುಗಳ ನಡುವಿನ ಜಾಗದಲ್ಲಿ ನನ್ನ ಸಣ್ಣ ಸಾಲುಗಳನ್ನು ಸೇರಿಸುತ್ತಿದ್ದೇನೆ, ಉದ್ದ ಹೊಲಿಗೆಗೆ ಪಕ್ಕದಿಂದ ಬಲ ಬರಲಿ ಎಂದು. ಅತ್ತೆಯದು ಬಿಳಿ ದಾರ, ನನ್ನದು ಕೆಂಪು. ಅವರ ಸಾಲು ನಿಂತ ಜಾಗದಿಂದ ಮುಂದೆ ಬರೀ ಕೆಂಪು. ಮುಗಿದ ಮೇಲೆ ಇದು ಅವರ ಸೊಸೆಯ ಮನೆಗೆ ಹೋಗುತ್ತದೆ, ಮೊಮ್ಮಗ ಹೊದ್ದುಕೊಳ್ಳಲಿ. ಗೋಡೆಗೆ ಏರುವುದಿಲ್ಲ.

ಇದನ್ನೇ ಎಲ್ಲರೂ ಅನುಸರಿಸಬೇಕು ಎನ್ನುವುದಿಲ್ಲ. ಕಸೂತಿಯಲ್ಲಾದರೆ ಈ ಉಪಾಯ ನಡೆಯದು, ಅಲ್ಲಿ ಒಂದು ಎಳೆ ತಪ್ಪಿದರೂ ತೇರು ತೇರಾಗುವುದಿಲ್ಲ. ಪ್ರತಿ ಅರ್ಧ ಕೆಲಸಕ್ಕೂ ಅದರದ್ದೇ ಮರ್ಯಾದೆ ಇದೆ, ಅದು ಯಾವುದೆಂದು ಮೊದಲು ತಿಳಿಯಬೇಕು.

ಆದ್ದರಿಂದ ಒಂದು ಪುಸ್ತಕವನ್ನು ಕೌದಿ ಎಂದು ಕರೆಯುವ ವಿಮರ್ಶಕರಲ್ಲಿ ನನ್ನದೊಂದು ವಿನಂತಿ. ಬಣ್ಣಬಣ್ಣದ ತುಂಡುಗಳಿವೆ ಎನ್ನುವಷ್ಟಕ್ಕೆ ನಿಲ್ಲಿಸಬೇಡಿ. ಹೊಲಿಗೆ ಎಲ್ಲಿ ಉದ್ದವಾಗಿದೆ, ಎಲ್ಲಿ ಕೈ ಬದಲಾಗಿದೆ, ಯಾವ ತುಂಡಿನಲ್ಲಿ ಬರೆದವರ ಹೊತ್ತು ಕಸಿದುಹೋದದ್ದು ಕಾಣುತ್ತದೆ ಎಂದು ಹೇಳಿ. ಸಂಪಾದಕರು ಯಾರದೋ ಹಸ್ತಪ್ರತಿಯ ವಕ್ರ ಸಾಲುಗಳನ್ನು ಬಿಚ್ಚಿ ನೇರ ಮಾಡಿದ್ದರೆ ಅದನ್ನೂ ಹೇಳಿ. ಬಟ್ಟೆಯನ್ನು ತಿರುಗಿಸಿ ಹಿಂಬದಿ ನೋಡಿದರೆ ಇವೆಲ್ಲ ಸಿಗುತ್ತವೆ. ಕೌದಿ ಕೊಳ್ಳುವ ಹೆಂಗಸರು ಯಾವತ್ತೂ ಮೊದಲು ನೋಡುವುದು ಅದನ್ನೇ.